ನೆಲಮಾಳಿಗೆಯಿಂದ ಬಂದ ಉತ್ತರ

ಹೆಂಡತಿ ಸೌಭಾಗ್ಯ ಊರಿಗೆ ವಾಪಸ್ ಹೋಗುತ್ತಾಳೆ ಎಂದು ಉಳವಪ್ಪನಿಗೆ ಖಾತ್ರಿಯಾದದ್ದು ನವೆಂಬರಿನ ಒಂದು ಶುಕ್ರವಾರ. ಅಡುಗೆಮನೆಯ ಮೇಜಿನ ಮೇಲೆ ಅವಳ ಕೈಬರಹದ ಏರ್‌ಮೇಲ್ ಕವರಿತ್ತು. ವಿಳಾಸ ಅಪ್ಪನ ಮನೆಯದಲ್ಲ, ಅವಳು ಕೆಲಸಕ್ಕಿದ್ದ ವಿದ್ಯುತ್ ಇಲಾಖೆಯ ಹುಬ್ಬಳ್ಳಿ ಆಫೀಸಿನದು. ಅವಳ ರಜೆ ಜನವರಿಗೆ ಮುಗಿಯುತ್ತಿತ್ತು. ಮತ್ತೆ ಕೆಲಸಕ್ಕೆ ಬರುತ್ತೇನೆ ಎಂದು ಬರೆದಿರುತ್ತಾಳೆ, ಇನ್ನೇನು?

ಕೇಳುವ ಧೈರ್ಯ ಅವನಿಗಾಗಲಿಲ್ಲ. ಆಗಸ್ಟಿನಲ್ಲಿ ಗದಗದಲ್ಲಿ ಮದುವೆಯಾಗಿತ್ತು. ಹನ್ನೊಂದನೇ ದಿನಕ್ಕೇ ಅವನು ಜರ್ಮನಿಯ ವಾಲ್‌ಡಾರ್ಫಿನ ಆಫೀಸಿಗೆ ಮರಳಿದ್ದ. 2001ರ ಆ ವರ್ಷ, ಕಂಪ್ಯೂಟರ್ ಕೆಲಸಕ್ಕೆ ಜರ್ಮನಿ ಕೊಟ್ಟ ಗ್ರೀನ್ ಕಾರ್ಡಿನಲ್ಲಿ ಬಂದ ಹುಡುಗರೆಲ್ಲ ಹೀಗೇ. ರಜೆಯಲ್ಲಿ ಹೋಗಿ ಮದುವೆಯಾಗಿ, ಹೆಂಡತಿಯ ವೀಸಾಕ್ಕೆ ಕಾಯುತ್ತಿದ್ದರು. ಸೌಭಾಗ್ಯ ಬಂದು ಈಗ ಮೂರು ವಾರ. ಇಬ್ಬರೂ ಬೀಗರ ಮನೆಗೆ ಬಂದವರಂತೆ ಮರ್ಯಾದೆಯಿಂದ ಓಡಾಡುತ್ತಿದ್ದರು.

ಎಲ್ಲದಕ್ಕೂ ಚಳಿಯೇ ಕಾರಣವೆಂದು ಉಳವಪ್ಪ ತೀರ್ಮಾನಿಸಿದ. ಹಾಲ್‌ನ ಥರ್ಮೋಸ್ಟಾಟ್ ಕೆಟ್ಟು, ಮನೆ ಕಾಯಿಸುವ ನೆಲಮಾಳಿಗೆಯ ಬಾಯ್ಲರು ತನಗೆ ತೋಚಿದಾಗ ಉರಿಯುತ್ತಿತ್ತು. ಅವಳು ಮನೆಯೊಳಗೇ ಎರಡು ಸ್ವೆಟರು ತೊಟ್ಟು, ಅವನ ಮಂಕಿ ಕ್ಯಾಪ್ ಹಾಕಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಥರ್ಮೋಸ್ಟಾಟಿನಿಂದ ಬಾಯ್ಲರಿಗೆ ಹೋಗುವ ಹಳೆಯ ತಂತಿ ಗೋಡೆಯೊಳಗೆ ಎಲ್ಲೋ ತುಂಡಾಗಿತ್ತು. ಹ್ಯಾನೋವರಿನಲ್ಲಿ ಮಗಳ ಜೊತೆಗಿದ್ದ ಮನೆಯೊಡತಿ ಫ್ರಾವ್ ಹಾರ್ಟ್‌ಮನ್‌ಗೆ ಫೋನ್ ಮಾಡಿದರೆ, ವಾಲ್‌ಪೇಪರ್ ಮುಟ್ಟಬೇಡಿ, ವೈರ್‌ಲೆಸ್ ಥರ್ಮೋಸ್ಟಾಟ್ ಹಾಕಿಸಿ ಎಂದರು. ಹೀಟಿಂಗ್ ರಿಪೇರಿಯ ಮೇಸ್ತ್ರಿ, ಮೈಸ್ಟರ್ ಬ್ರಾಂಟ್‌ಗೆ ಬಿಡುವಿದ್ದದ್ದು ಮುಂದಿನ ಗುರುವಾರ. ಅಲ್ಲಿಯವರೆಗೆ ಕಾಯಲು ಉಳವಪ್ಪ ಸಿದ್ಧನಿರಲಿಲ್ಲ. ಶನಿವಾರ ಅಂಗಡಿಗೆ ಹೋಗಿ ಹೊಸ ಥರ್ಮೋಸ್ಟಾಟಿನ ಡಬ್ಬಿ ತಂದ.

ಭಾನುವಾರ ಮಧ್ಯಾಹ್ನ ನೆಲಮಾಳಿಗೆಗೆ ಇಳಿದ. ಜರ್ಮನಿಯಲ್ಲಿ ಭಾನುವಾರ ಸದ್ದು ಮಾಡುವಂತಿಲ್ಲ, ಡ್ರಿಲ್ ಹಿಡಿದರೆ ಪಕ್ಕದ ಮನೆಯವರು ಜಗಳಕ್ಕೆ ಬರುತ್ತಿದ್ದರು; ಸ್ಕ್ರೂಡ್ರೈವರಿಗೆ ಅಡ್ಡಿಯಿರಲಿಲ್ಲ. ಮಡಿಲಲ್ಲಿ ಜರ್ಮನ್ ಡಿಕ್ಷನರಿ, ಕೈಯಲ್ಲಿ ಮ್ಯಾನುಯಲ್. ಸೌಭಾಗ್ಯ ಟಾರ್ಚ್ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. ಬಾಯ್ಲರಿನ ಮುಚ್ಚಳ ತೆಗೆದು ಅವನು ತಂತಿಗೆ ಕೈ ಹಾಕುವಷ್ಟರಲ್ಲಿ ಅವಳು ಎದ್ದು ಬಂದು ಅವನ ಮಣಿಕಟ್ಟು ಹಿಡಿದಳು.

"ಫ್ಯೂಸ್ ತಗದೀರೇನ್ರಿ?"

"ಬಾಯ್ಲರಿಂದು ಬಟನ್ ಆಫ್ ಮಾಡೇನಲ್ಲ."

"ಬಟನ್ ಆಫ್ ಆದ್ರೂ ಈ ತಂತ್ಯಾಗ ಕರೆಂಟ್ ಇರ್ತದ."

ಅವಳು ಕೈ ಬಿಡಲಿಲ್ಲ. ಬೆರಳು ತಣ್ಣಗಿದ್ದವು, ಹಿಡಿತ ಮಾತ್ರ ಗಟ್ಟಿ. ಮದುವೆಯಾದಾಗಿನಿಂದ ಅವಳಾಗಿ ಅವನನ್ನು ಮುಟ್ಟಿದ್ದು ಅದೇ ಮೊದಲು. ಉಳವಪ್ಪನಿಗೆ ಬಾಯ್ಲರು ಮರೆತೇಹೋಯಿತು.

ಹೆಣ್ಣು ನೋಡಲು ಹೋದಾಗ ಹುಡುಗಿ ವಿದ್ಯುತ್ ಇಲಾಖೆಯಲ್ಲಿದ್ದಾಳೆ ಎಂದಿದ್ದರು. ಫೈಲು ನೋಡುವ ಕೆಲಸವೆಂದು ಅವನು ತಿಳಿದಿದ್ದ. ಲಕ್ಷ್ಮೇಶ್ವರದ ಸಬ್‌ಸ್ಟೇಷನ್ನಿನಲ್ಲಿ ಎಂಟು ಜನ ಲೈನ್‌ಮನ್‌ಗಳು ತನ್ನ ಮಾತು ಕೇಳುತ್ತಿದ್ದರೆಂದು ಅವಳು ಫ್ಯೂಸ್ ತೆಗೆಯುತ್ತ, ಏನೂ ದೊಡ್ಡದಲ್ಲ ಎಂಬಂತೆ ಹೇಳಿದಳು.

ಆಮೇಲೆ ಟಾರ್ಚ್ ಅವನ ಕೈಗೆ ಬಂತು. ಅವಳು ಟೆಸ್ಟರ್ ಹಚ್ಚಿ ನೋಡಿದಳು. ಮ್ಯಾನುಯಲ್ಲಿನ ಒಂದು ಅಕ್ಷರವನ್ನೂ ಓದಲಿಲ್ಲ. ಚಿತ್ರ ಮಾತ್ರ ನೋಡಿದಳು. ಥರ್ಮೋಸ್ಟಾಟಿನ ಸಿಗ್ನಲ್ ಹಿಡಿಯುವ ರಿಸೀವರ್ ಡಬ್ಬಿಗೆ ಕರೆಂಟಿನ ಎರಡು ತಂತಿ ಕೊಟ್ಟಳು. ಬಾಯ್ಲರಿನ ಎರಡು ಟರ್ಮಿನಲ್ಲಿಗೆ ಬಿಗಿದಿದ್ದ ಹಳೆಯ ಥರ್ಮೋಸ್ಟಾಟಿನ ತಂತಿಯನ್ನು ಕಿತ್ತು, ಆ ಜಾಗದಿಂದ ಬೇರೆ ಎರಡು ತಂತಿ ಎಳೆದು ರಿಸೀವರಿಗೆ ಬಿಗಿದಳು. ಇದು ಬರೀ ಸ್ವಿಚ್ಚು, ನೀವು ಮಾಡಲು ಹೊರಟ ಹಾಗೆ ಇಲ್ಲಿಗೂ ಕರೆಂಟ್ ಕೊಟ್ಟಿದ್ದರೆ ಬೋರ್ಡು ಸುಡುತ್ತಿತ್ತು ಎಂದಳು.

"ಬೆಳಕು ತಂತಿ ಮ್ಯಾಲೆ ಬಿಡ್ರಿ. ನನ್ನ ಮಾರಿ ಮ್ಯಾಲ್ಯಾಕ?"

ಅವನು ಟಾರ್ಚ್ ಸರಿಸಿದ. ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಮತ್ತೆ ಅಲ್ಲಿಗೇ ಬಂತು. ಮಂಕಿ ಕ್ಯಾಪಿನೊಳಗೆ ಅವಳ ಕೆನ್ನೆ ಕೆಂಪಾಯಿತು.

ಮುಚ್ಚಳ ಹಾಕಿ, ಫ್ಯೂಸ್ ಕೊಟ್ಟು, ಬಟನ್ ಒತ್ತಿ ಹಿಡಿದು ರಿಸೀವರನ್ನೂ ಥರ್ಮೋಸ್ಟಾಟನ್ನೂ ಜೋಡಿ ಮಾಡಿದ್ದಾಯಿತು. ಸಿಗ್ನಲ್ ಎಲ್ಲಿಯವರೆಗೆ ಮುಟ್ಟುತ್ತದೆಂದು ನೋಡಬೇಕಿತ್ತು. ಅವನು ಥರ್ಮೋಸ್ಟಾಟ್ ಹಿಡಿದು ಮೇಲೆ ಹೋದ. ಅವಳು ಕೆಳಗೆ ರಿಸೀವರಿನ ದೀಪ ಹೊತ್ತುವುದನ್ನು ಕಾಯುತ್ತ ನಿಂತಳು. ಹಾಲ್‌ನಲ್ಲಿ ತಿರುಗಿಸಿದ, "ಬಂತು" ಎಂದಳು. ಅಡುಗೆಮನೆಯಿಂದಲೂ ಬಂತು. ಮಹಡಿಯ ಕೋಣೆಗೆ ಹೋಗಿ ತಿರುಗಿಸಿದವನು ದೀಪದ ಸುದ್ದಿ ಕೇಳಲಿಲ್ಲ. ಮುಖ ಕಾಣದ ಅಷ್ಟು ದೂರದಿಂದ ಅವನಿಗೆ ಧೈರ್ಯ ಬಂದಿತ್ತು.

"ಜನವರಿಗೆ ಹೋಗಾವ್ರೇನ್ರಿ ನೀವು?"

ಕೆಳಗೆ ಬಾಯ್ಲರು ಗುಂಯ್ ಎಂದು ಹೊತ್ತಿಕೊಂಡಿತು. ಅದರ ಸದ್ದಿನ ಮೇಲೆ ದನಿ ಏರಿಸಿ, ಯಾರು ಹೇಳಿದರು ಎಂದು ಅವಳು ಕೇಳಿದಳು. ಕವರು ನೋಡಿದೆ ಎಂದ. ಅದು ರಜೆಯನ್ನು ಇನ್ನೊಂದು ವರ್ಷ ಮುಂದುವರಿಸಿ ಎಂಬ ಅರ್ಜಿ ಎಂದಳು. ನಿನ್ನೆಯೇ ಪೋಸ್ಟ್ ಮಾಡಿದ್ದಳಂತೆ. ಆದರೆ ಗಂಡ ಬೆಳಿಗ್ಗೆ ಏಳಕ್ಕೆ ಹೊರಟು ರಾತ್ರಿ ಎಂಟಕ್ಕೆ ಬರುವುದನ್ನು ನೋಡಿದರೆ, ತಾನು ಬಂದದ್ದೇ ಅವನಿಗೆ ಭಾರವಾಗಿದೆಯೇನೋ ಅನ್ನಿಸಿ, ಹೇಳಲು ಬಾಯಿ ಬರಲಿಲ್ಲವಂತೆ.

ಅವಳಿಗೆ ಮುಜುಗರವಾಗದಿರಲಿ ಎಂದೇ ಅವನು ತಡ ಮಾಡಿ ಬರುತ್ತಿದ್ದ. ಈಗ ನೆಲದ ಕಡೆ ಬಗ್ಗಿ, ಭಾನುವಾರವನ್ನೂ ಪಕ್ಕದ ಮನೆಯನ್ನೂ ಮರೆತು ಕೂಗಿ ಹೇಳಿದ:

"ಹೋಗಬ್ಯಾಡ್ರಿ. ನನಗ ನೀವು ಬೇಕು."

ನೆಲಮಾಳಿಗೆಯ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಬಂತು, ಆಮೇಲೆ ಮಹಡಿಯ ಮೆಟ್ಟಿಲ ಮೇಲೆ. ಮೂಗಿನ ಮೇಲೆ ಧೂಳು ಮೆತ್ತಿಕೊಂಡು ಅವಳು ಬಾಗಿಲಲ್ಲಿ ನಿಂತಳು.

"ಕೆಳಗ ಸರಿ ಕೇಳಸ್ಲಿಲ್ಲ. ಇನ್ನೊಮ್ಮೆ ಹೇಳ್ರಿ."

"ಎಲ್ಲಾ ಕೇಳಿಸೇದ ನಿಮಗ."

"ಕೇಳಿಸೇದ. ಆದ್ರೂ ಹೇಳ್ರಿ."

ಅವನು ಹೇಳಿದ. ಈ ಸಲ ಬಹಳ ಮೆಲ್ಲಗೆ, ಬಹಳ ಹತ್ತಿರದಿಂದ.

ಗುರುವಾರ ಮೈಸ್ಟರ್ ಬ್ರಾಂಟ್ ಬಂದರು. ಹುಬ್ಬು ಗಂಟಿಕ್ಕಿಕೊಂಡೇ ಮುಚ್ಚಳ ತೆಗೆದರು, ಒಂದೊಂದೇ ತಂತಿ ಎಳೆದು ನೋಡಿದರು, ಮೀಟರ್ ಹಚ್ಚಿದರು. ಯಾರು ಮಾಡಿದ್ದೆಂದು ಕೇಳಿದರು. ನನ್ನ ಹೆಂಡತಿ ಎಂದ ಉಳವಪ್ಪ. ಇನ್ನು ಮುಂದೆ ನನ್ನನ್ನು ಕರೆಯದೆ ಮುಚ್ಚಳ ತೆಗೆಯಬೇಡಿ ಎಂದು ಗದರಿ, ಆದರೆ ಕೆಲಸ ಅಚ್ಚುಕಟ್ಟಾಗಿದೆ ಎಂದು ತಪಾಸಣೆಯ ಚೀಟಿಗೆ ಸಹಿ ಹಾಕಿದರು. ಬೆಚ್ಚಗಿನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಅವರು ಇನ್ನೇನೋ ಕೇಳಿದರು. ಉಳವಪ್ಪನ ಉತ್ತರಕ್ಕೆ ಜೋರಾಗಿ ನಕ್ಕರು.

ಅವರು ಏನು ಕೇಳಿದರೆಂದು ಸೌಭಾಗ್ಯ ಮೆಲ್ಲಗೆ ವಿಚಾರಿಸಿದಳು.

"ನಿಮ್ಮ ಮದಿವಿ ಯಾವಾಗ ಆತು ಅಂದ್ರು."

"ನೀವೇನಂದ್ರಿ?"

"ಹೋದ ಐತವಾರ ಅಂದೆ."