ಸೇತುವೆ ಎತ್ತಿದ ಅವ್ವ

ಮೀನಾಗೆ ಎಚ್ಚರವಾದಾಗ ಪಕ್ಕದ ಸೀಟು ಖಾಲಿ ಇತ್ತು.

ಬೈಲಹೊಂಗಲದ ಟಾಕೀಜು. ಭಾನುವಾರ ಮಧ್ಯಾಹ್ನದ ಆಟ. ಪರದೆಯ ಮೇಲೆ ಕಾರ್ಟೂನ್ ಸೂಪರ್‌ಹೀರೋಗಳ ಸಂಸಾರವೊಂದು ಊರು ಉಳಿಸಲು ಹಾರುತ್ತಿತ್ತು. ರಾತ್ರಿ ಪಾಳಿ ಮುಗಿಸಿ ಬಂದಿದ್ದ ಮೀನಾ ಯಾವಾಗ ನಿದ್ದೆಗೆ ಜಾರಿದಳೋ ಅವಳಿಗೇ ಗೊತ್ತಿರಲಿಲ್ಲ.

ಪ್ರಣಿತಾ ಎಲ್ಲಿ?

ಎದ್ದು ನೋಡಿದರೆ, ಹುಡುಗಿ ಮುಂದಿನ ಸಾಲಿನಲ್ಲಿ ಗುರುತಿಲ್ಲದವನೊಬ್ಬನ ಪಕ್ಕ ಕುಳಿತು, ಅವನ ಪೊಟ್ಟಣದ ಶೇಂಗಾ ತಿನ್ನುತ್ತಿದ್ದಳು.

"ಯಾರ್ರೀ ನೀವು? ಹುಡುಗಿನ್ನ ಯಾಕ ಕರಕೊಂಡ ಹೋದ್ರಿ?"

"ನಾ ಕರೀಲಿಲ್ರಿ. ಸಿನಿಮಾದ ಸಪ್ಪಳಕ್ಕ ಹೆದರಿ ಅಕೀನ ಎದ್ದ ಬಂದ್ಲು. ನಿಮ್ಮನ್ನ ಎಬ್ಬಸಬೇಕಂದೆ..." ಅವನು ತಡೆದ. "ಮನಸ್ಸ ಬರಲಿಲ್ರಿ. ಭಾಳ ದಣದಿದ್ರಿ."

ದಣದಿದ್ರಿ... ಆ ಮಾತನ್ನು ಅವಳಿಗೆ ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತೋ. ಆದರೂ ಅವಳಿಗೆ ಬಂದದ್ದು ಸಿಟ್ಟೇ. ಸಿನಿಮಾ ಇನ್ನೂ ಉಳಿದಿರುವಾಗಲೇ ಪ್ರಣಿತಾಳ ಕೈ ಹಿಡಿದು ಹೊರಗೆ ಬಂದುಬಿಟ್ಟಳು.

ಪ್ರಣಿತಾ ಅವಳ ಅಕ್ಕನ ಮಗಳು. ಅಕ್ಕ ತೀರಿಕೊಂಡಳು, ಭಾವ ಇನ್ನೊಂದು ಮದುವೆಯಾಗಿ ಪುಣೆ ಸೇರಿದ. ಮಗು ಮೀನಾಳ ಮಡಿಲಿಗೆ ಬಂತು. ದವಾಖಾನೆಯಲ್ಲಿ ನರ್ಸ್ ಕೆಲಸ, ಮನೆಗೆ ಬಂದರೆ ಹುಡುಗಿಯ ಶಾಲೆ, ಡಬ್ಬಿ, ಬಟ್ಟೆ, ಮತ್ತೆ ಪಾಳಿ. ಕನ್ನಡಿಯ ಮುಂದೆ ನಿಂತರೂ ಅವಳು ಬೈತಲೆ ನೋಡಿಕೊಳ್ಳುತ್ತಿದ್ದಳೇ ಹೊರತು ಮುಖವನ್ನಲ್ಲ.

ಆವತ್ತಿನಿಂದ ಪ್ರಣಿತಾಗೆ ಒಂದೇ ಹಟ. "ಸಿನಿಮಾದಾಗ ಕಡೀಕ ಏನಾತು ಚಿಗವ್ವ? ಆ ಸಣ್ಣ ಹುಡುಗಿಗೆ ಶಕ್ತಿ ಬಂತೋ ಇಲ್ಲೋ?"

ಮೀನಾಗೇನು ಗೊತ್ತು? ಅಷ್ಟರಲ್ಲಿ ಸಿನಿಮಾ ಊರು ಬಿಟ್ಟಿತ್ತು.

ಕೆಲ ವಾರಗಳ ನಂತರ ಟಾಕೀಜಿನಲ್ಲಿ ಕಂಡಿದ್ದ ಅದೇ ಮನುಷ್ಯ ತಾಯಿಯನ್ನು ಶುಗರ್ ತಪಾಸಣೆಗೆ ಕರೆದುಕೊಂಡು ದವಾಖಾನೆಗೆ ಬಂದ. ಹೆಸರು ಸಚಿನ. ಸವದತ್ತಿಯ ಹೈಸ್ಕೂಲಿನಲ್ಲಿ ಚಿತ್ರಕಲೆ ಮಾಸ್ತರ. ಮೀನಾ ನಾಚಿಕೆ ಬಿಟ್ಟು ಕೇಳಿದಳು.

"ಆ ಸಿನಿಮಾ... ಕಡೀಕ ಏನಾತ್ರಿ? ಮನ್ಯಾಗ ಹುಡುಗಿ ಕೇಳಿ ಕೇಳಿ ಸಾಕ ಮಾಡ್ಯಾಳ."

ಅವನು ನಕ್ಕ. "ಆ ಮನಿಯವರಿಗೆ ಮಳಿಯಾಗ ಸಿಕ್ಕಿದ್ದ ಆ ಸಣ್ಣ ಹುಡುಗಿಗೆ ಶಕ್ತಿ ಬರಂಗಿಲ್ರಿ. ಆದ್ರ ಮನಿ ಮಂದಿ ಅಕಿನ್ನ ಬಿಡಂಗಿಲ್ಲ. ಅಷ್ಟ ಕತಿ."

"ಮತ್ತ ಸಿನಿಮಾದಾಗಿನ ಆ ಅವ್ವ?"

"ಸೇತುವಿ ಎತ್ತಿ ಹಿಡದ್ಲು. ಮನಿಗೆ ಬಂದು ನೀರಿನ ಲೋಟ ಎತ್ತಾಕ ಆಗಲಿಲ್ಲ. ಅಡಗಿಮನಿ ನೆಲದ ಮ್ಯಾಲೆ ಕುಂತು, ಇವತ್ತ ನನ್ನ ಕೈಲೆ ಆಗಂಗಿಲ್ಲ ಅಂದ್ಲು. ಯಾರೂ ಬೈಲಿಲ್ರಿ. ಎಲ್ಲಾರೂ ಹೋಗಿ ಅಕಿ ಬಾಜೂಕ ಕುಂತ್ರು."

ಮೀನಾ ಹತ್ತಿಯ ಉಂಡೆ ಹುಡುಕುವ ನೆಪದಲ್ಲಿ ಮುಖ ತಿರುಗಿಸಿದಳು. ಕಾರ್ಟೂನಿನ ಹೆಂಗಸಿಗಾಗಿ ಯಾರಾದರೂ ಅಳುತ್ತಾರೆಯೇ?

"ನನಗೂ ಅಲ್ಲೇ ಅಳು ಬಂತ್ರಿ," ಎಂದ ಅವನು ಮೆಲ್ಲಗೆ.

ಆಮೇಲೆ ಭಾನುವಾರಗಳು ಬದಲಾದವು. ಸಚಿನ ಮನೆಗೆ ಬರುತ್ತಿದ್ದ. ಕಟ್ಟೆಯ ಮೇಲೆ ಕುಳಿತು ಆ ಸೂಪರ್‌ಹೀರೋ ಸಂಸಾರದ ಚಿತ್ರ ಬರೆದುಕೊಡುತ್ತಿದ್ದ, ಪ್ರಣಿತಾ ಬಣ್ಣ ತುಂಬುತ್ತಿದ್ದಳು. ಮೀನಾ ಚಹಾ ತಂದಿಟ್ಟು ಗೋಡೆಗೆ ಒರಗಿದರೆ, ಏಳಬೇಕೆನ್ನಿಸುತ್ತಿರಲಿಲ್ಲ. ಮದುವೆಯ ಮಾತನ್ನು ಇಬ್ಬರೂ ಆಡಲಿಲ್ಲ. ಆದರೆ ಇಬ್ಬರ ಮನಸ್ಸಿನಲ್ಲೂ ಅದೇ ಇತ್ತು.

ಒಂದು ದಿನ ಅವನ ತಾಯಿ ತಂಗೆವ್ವ ಒಬ್ಬಳೇ ದವಾಖಾನೆಗೆ ಬಂದಳು.

"ನೀ ಚಲೋ ಹುಡುಗಿ ಅದಿ. ನನಗ ಒಪ್ಪಿಗಿ ಐತಿ. ಆದ್ರ ಆ ಕೂಸನ್ನ ಸಾಲಹಳ್ಳಿಗೆ, ಅದರ ಅಪ್ಪನ ಅವ್ವನ ಹಂತೇಕ ಬಿಟ್ಟ ಬಾ. ಸಚಿನಂದೂ ಇದ ವಿಚಾರ."

ಜಗಳಾಡಲು ಶಕ್ತಿ ಬೇಕು. ಮೀನಾ ಸಚಿನನ ಫೋನು ಎತ್ತುವುದನ್ನೇ ನಿಲ್ಲಿಸಿದಳು. ಭಾನುವಾರ ಬಾಗಿಲಿಗೆ ಬೀಗ ಹಾಕಿ, ಪ್ರಣಿತಾಳನ್ನು ಕರೆದುಕೊಂಡು ಗೆಳತಿಯ ಮನೆಗೆ ಹೋದಳು. ಅವನೂ ಹೀಗೇ ಎಂದಮೇಲೆ ಇನ್ಯಾರನ್ನು ನಂಬಲಿ...

ಒಂದು ಬೆಳಿಗ್ಗೆ ಜ್ವರ ಬಂದು ಹಾಸಿಗೆಯಿಂದ ಏಳಲಾಗಲಿಲ್ಲ. ಪ್ರಣಿತಾ ಮಂಚದ ಮೇಲಿದ್ದ ಫೋನು ತೆಗೆದುಕೊಂಡು ಸಚಿನನಿಗೆ ಹಚ್ಚಿದಳು. "ಮಾಸ್ತರ, ಚಿಗವ್ವ ಏಳವಲ್ಲಳು."

ಅವನು ಸಿಕ್ಕ ಬಸ್ಸು ಹತ್ತಿ ಬಂದ.

"ಯಾಕ ಬಂದ್ರಿ?" ಮೀನಾಳ ದನಿ ಒಣಗಿತ್ತು. "ಈ ಹುಡುಗಿನ್ನ ಸಾಲಹಳ್ಳಿಗೆ ಕಳಸಬೇಕಂತಲ್ಲ. ನಿಮ್ಮ ಅವ್ವಾರು ಬಂದು ಹೇಳಿ ಹ್ವಾದ್ರು."

ಸಚಿನ ಬಾಗಿಲಲ್ಲೇ ನಿಂತ. "ಅವ್ವ ನಿಮ್ಮ ಹಂತೇಕ ಬಂದಿದ್ಲಾ? ನನಗ ಗೊತ್ತಿಲ್ರಿ. ಮನ್ಯಾಗ ಆ ಮಾತ ತಗದಾಗ ವಾದಕ್ಕ ಬ್ಯಾಸತ್ತು ಸುಮ್ಮನ ಎದ್ದ ಹೋಗಿದ್ದೆ. ಹೂಂ ಅಂದೆ ಅಂತ ತಿಳಕೊಂಡಾಳ."

"ಸುಮ್ಮನ ಎದ್ದ ಹೋದ್ರ ಯಾರಾದ್ರೂ ಹಂಗ ತಿಳಕೋತಾರ್ರಿ."

ಅವನು ಅಲ್ಲಗಳೆಯಲಿಲ್ಲ. ಕಟ್ಟೆಗೆ ಹೋಗಿ ಫೋನು ಹಚ್ಚಿದ. ಒಳಗಿದ್ದವಳಿಗೆ ಪ್ರತಿ ಮಾತೂ ಕೇಳಿಸಿತು.

"ಅವ್ವಾ, ಹುಡುಗಿನ್ನ ಬಿಡೂ ಮಾತು ಇನ್ನ ಮ್ಯಾಲೆ ಎತ್ತಬ್ಯಾಡ. ಇದ್ರ ಮೂರೂ ಮಂದಿ ಕೂಡಿ ಇರತೇವಿ. ಇಲ್ಲಂದ್ರ ನನಗ ಮದುವಿನ ಬ್ಯಾಡ... ಆತು, ಸಿಟ್ಟಾಗು. ಊಟ ಮಾತ್ರ ಬಿಡಬ್ಯಾಡ, ಗುಳಗಿ ತಗೊಳ್ಳೂದೈತಿ."

ಮೀನಾ ಗೋಡೆಯ ಕಡೆ ಹೊರಳಿ ಬಹಳ ಹೊತ್ತು ಅತ್ತಳು. ಪ್ರಣಿತಾ ಅವಳ ಕಾಲ ಬಳಿ ಕುಳಿತು ಪಾದ ಒತ್ತುತ್ತಿದ್ದಳು.

ಸಚಿನ ಗಂಜಿ ಮಾಡಿ ತಂದ. ಅವಳನ್ನು ಎಬ್ಬಿಸಿ, ಬೆನ್ನಿಗೆ ದಿಂಬು ಇಟ್ಟ.

"ಮೊದಲ ಒಂದ ಮಾತ ಹೇಳತೇನಿ," ಎಂದಳು ಮೀನಾ. "ಮದುವಿ ಆದ ಮ್ಯಾಲೂ ನಾ ದಣದಿರತೇನಿ. ಸಿಡುಕತೇನಿ. ದಿನಾ ಅಡಗಿ ಆಗಂಗಿಲ್ಲ."

"ನಾ ಮಾಡತೇನ್ರಿ."

ಅವಳು ಒಂದು ಚಮಚ ಬಾಯಿಗಿಟ್ಟಳು. "ಉಪ್ಪ ಭಾಳ ಆಗೇತಿ."

"ಕಲೀತೇನ್ರಿ."

"ನನಗ ಇನ್ನ 'ರೀ' ಹಚ್ಚಬ್ಯಾಡ್ರಿ."

ಸಚಿನ ಅವಳ ಕೈಯಿಂದ ಬಟ್ಟಲು ತೆಗೆದುಕೊಂಡ.

"ಹಂಗಾರ... ಇನ್ನೊಂದ ಚಮಚ ತಗೋ, ಮೀನಾ."

ಮೀನಾ ಚಮಚಕ್ಕೆ ಕೈ ಚಾಚಲಿಲ್ಲ. ಸುಮ್ಮನೆ ಬಾಯಿ ತೆರೆದಳು.