ಸೇರು ನೀರಿಗೆ ಮೂರು ತೊಲೆ ಉಪ್ಪು

ಇದು ಕೂಡಿಬಂದ ಕಥೆಯಲ್ಲ, ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನನ್ನು ಬೈಯಬೇಡಿ.

೧೯೪೯ರ ಬೇಸಿಗೆ. ಉರ್ದುವಿನಲ್ಲಿ ಕಲಿಸುತ್ತಿದ್ದ ವಿಜ್ಞಾನವನ್ನು ಇನ್ನು ಕನ್ನಡದಲ್ಲಿ ಕಲಿಸಬೇಕೆಂದು ಸುತ್ತಲಿನ ಮಾಸ್ತರರಿಗೆಲ್ಲ ಹುಮನಾಬಾದಿನಲ್ಲಿ ತರಬೇತಿ ಇಟ್ಟಿದ್ದರು. ಸಮುದ್ರದ ಪಾಠ ಬಂದಾಗ ಅಧಿಕಾರಿ ಕೇಳಿದರು: “ನಿಮ್ಮಲ್ಲಿ ಸಮುದ್ರ ನೋಡಿದವರು ಯಾರು?”

ಅರವತ್ತು ಜನರಲ್ಲಿ ಒಂದೇ ಕೈ ಎದ್ದಿತು. ನನ್ನದು, ಈ ಯುನೂಸ್ ಮಾಸ್ತರನದು. ಸೊಲ್ಲಾಪುರದ ಆಚೆಗೆ ನಾನು ಕಾಲಿಟ್ಟವನಲ್ಲ. ಆದರೆ ಎರಡನೇ ಸಾಲಿನ ಹುಡುಗಿ ತಿರುಗಿ ನೋಡಲಿ ಎಂದು ಆ ಕೈ ತಾನೇ ಎದ್ದಿತು. ಚಂದ್ರನ ಮೇಲೆ ಹೋಗಿಬಂದವರು ಯಾರು ಎಂದಿದ್ದರೂ ಏಳುತ್ತಿತ್ತು.

ಅವಳು ತಿರುಗಿದಳು. ಮೊದಲು ದುಪಟ್ಟಾದ ಅಂಚು, ಆಮೇಲೆ ಗದ್ದ, ಎಲ್ಲಕ್ಕಿಂತ ಕೊನೆಗೆ ಕಣ್ಣು. ಆ ಒಂದು ನೋಟಕ್ಕೆ ಹುಮನಾಬಾದಿನ ಬಿಸಿಲು ಮೂರು ದಿನ ತಣ್ಣಗಿತ್ತು. ನಂಬದಿದ್ದರೆ ಬಿಡಿ.

ನೀರಿನ ಗಡಿಗೆಯ ಹತ್ತಿರ ಅವಳೇ ಮಾತಾಡಿಸಿದಳು.

“ಎಷ್ಟು ದೊಡ್ಡದದರಿ ಸಮುದ್ರ?”

“ನಿಮ್ಮೂರಿನ ತ್ರಿಪುರಾಂತ ಕೆರಿ ಅದಲ್ಲ, ಅಂಥಾವು ಹತ್ತು ಸಾವಿರ ಕೂಡಸ್ರಿ.”

“ಲಕ್ಷ ಅನ್ರಿ ಮಾಸ್ತರ್. ಎಣಸಾಕ ಯಾರು ಹೋಗ್ತಾರ?” ತುಟಿ ನಗಲಿಲ್ಲ, ಕಣ್ಣು ನಕ್ಕಿತು. “ನಮ್ಮ ಹುಡುಗ್ಯಾರು ಕೆರಿ ಬಿಟ್ಟು ಏನೂ ನೋಡಿಲ್ಲ. ಬಂದು ನೀವೇ ಹೇಳಿಕೊಡ್ರಿ.”

ಹೆಸರು ಹಜಿರಾ. ಈಗ ನೀವು ಬಸವಕಲ್ಯಾಣ ಎನ್ನುವ ಕಲ್ಯಾಣಿಯಲ್ಲಿ ಹೈಸ್ಕೂಲಿನ ಹುಡುಗಿಯರ ವರ್ಗ ನೋಡಿಕೊಳ್ಳುತ್ತಿದ್ದಳು. ಹುಮನಾಬಾದಿನ ನಮ್ಮ ಶಾಲೆಯ ರಜೆ ಭಾನುವಾರಕ್ಕೆ ಬದಲಾಗಿತ್ತು, ಅವರದು ಇನ್ನೂ ಶುಕ್ರವಾರವೇ ಇತ್ತು. ಹೀಗೆ ಸರ್ಕಾರವೇ ನನ್ನ ಪ್ರೇಮಕ್ಕೆ ವಾರಕ್ಕೊಂದು ದಿನ ಮಂಜೂರು ಮಾಡಿತು. ಮಳೆಗಾಲವಿಡೀ ಪ್ರತಿ ಭಾನುವಾರ ರಾಜೇಶ್ವರದ ಮೇಲೆ ಹಾಯುವ ಬಸ್ಸು ಹಿಡಿದು ಕಲ್ಯಾಣಿಗೆ ಹೋದೆ.

ಎಂಥ ಪಾಠ ಹೇಳಿದೆ ಅಂತೀರಿ! ನಿಮ್ಮ ತೊಗರಿ ಹೊಲದ ಮೇಲೆ ಬೀಳುವ ಒಂದೊಂದು ಹನಿಯೂ ಸಮುದ್ರದಿಂದ ಎದ್ದು ಬಂದದ್ದು ಎಂದೆ. ಕಣ್ಣಿಗೆ ಕಾಣದ ಪಾಚಿ ಅಲ್ಲಿ ಉಸಿರು ಬಿಟ್ಟರೆ ನಾವು ಇಲ್ಲಿ ಎಳೆದುಕೊಳ್ಳುತ್ತೇವೆ ಎಂದೆ. ಹದಿನಾಲ್ಕು ಹುಡುಗಿಯರು ಬಾಯಿ ತೆರೆದು ಕೂತಿದ್ದರು.

“ಚಂದ್ರ ಅಷ್ಟು ದೂರ ನಿಂತು ಸಮುದ್ರದ ನೀರನ್ನ ತನ್ನ ಕಡಿ ಎಳೀತಾನ,” ಎಂದೆ ಒಂದು ದಿನ.

“ಮಾಸ್ತರ್,” ಕಿಟಕಿಯ ಪಕ್ಕದಿಂದ ಹಜಿರಾ, “ಹುಡುಗ್ಯಾರ ಕಡಿ ನೋಡಿ ಹೇಳ್ರಿ.”

ವರ್ಗವೆಲ್ಲ ಕಿಸಕ್ಕೆಂದಿತು. ನನ್ನ ಕಿವಿಯ ಬಿಸಿಗೆ ಜೋಳದ ರೊಟ್ಟಿ ಸುಡಬಹುದಾಗಿತ್ತು.

ಕೊನೆಯ ಮಣೆಯಲ್ಲಿ ನಗದವರು ಒಬ್ಬರಿದ್ದರು: ಹಜಿರಾಳ ಅಮ್ಮಿ, ಸರ್ದಾರಬಿ. ಹಿಂದಿನ ವರ್ಷದ ಪೊಲೀಸ್ ಕಾರ್ಯಾಚರಣೆಯ ಗಲಾಟೆಯಲ್ಲಿ ಗಂಡ ಮನೆ ಬಿಟ್ಟು ಹೋದವರು ಬರಲಿಲ್ಲ, ಹೆಣವೂ ಸಿಗಲಿಲ್ಲ. ಅಂದಿನಿಂದ ಮಗಳನ್ನು ಬಿಟ್ಟಿರಲಾರದೆ ದಿನಾ ಶಾಲೆಗೆ ಬಂದು ಕೂತು ಬಟ್ಟೆಗೆ ಹೊಲಿಗೆ ಹಾಕುತ್ತಿದ್ದರು. ಗಂಡುಮಕ್ಕಳಿಬ್ಬರೂ ಕರಾಚಿ ಸೇರಿದ್ದರು. ಅಲ್ಲಿಯೇ ತಂಗಿಗೆ ಸಂಬಂಧ ಗೊತ್ತುಮಾಡಿ ಪರ್ಮಿಟ್ಟನ್ನೂ ಮಾಡಿಸಿದ್ದರು. ತಡೆದಿದ್ದುದು ಒಂದೇ.

“ಅಮ್ಮಿ ಹಡಗು ಹತ್ತಾಕ ಒಲ್ಲಂತಾಳ,” ಎಂದು ಹಜಿರಾಳೇ ಹೇಳಿದ್ದಳು. “‘ನಿಮ್ಮ ಅಬ್ಬಾಗ ಮಣ್ಣು ಸಿಗಲಿಲ್ಲ, ನನಗರ ಸಿಗಲಿ. ನೀರಾಗ ಮುಳುಗಿದ್ರ ಯಾರು ಕೊಡ್ತಾರ’ ಅಂತಾಳ. ಆಕಿ ಹೂಂ ಅನ್ನೂತನಕ ನಾ ಇಲ್ಲೇ.”

ಅಂದರೆ ಆ ಮುದುಕಿಯ ಭಯವೇ ನನ್ನ ಭಾಗ್ಯ. ಮುಂದಿನ ಭಾನುವಾರ ಸಮುದ್ರವನ್ನು ಭಯಂಕರ ಮಾಡಿಬಿಡಬೇಕೆಂದು ಹೊರಟೆ. ಗಾಳಿ ಎಬ್ಬಿಸಿದೆ, ಕೋಟೆಯ ಬುರುಜಿನೆತ್ತರ ತೆರೆ ಎಬ್ಬಿಸಿದೆ. ಸರ್ದಾರಬಿಯ ಸೂಜಿ ನಿಂತಿತು. ಎಲ್ಲ ಸರಿಯಾಗಿತ್ತು.

ಆಗ ದ್ರೌಪತಿ ಎಂಬ ಹುಡುಗಿ ಎದ್ದಳು. “ಸರ್, ಅದರಾಗ ಬಿದ್ರ ಮುಳುಗ್ತಾರೇನ್ರಿ?”

ಹೌದು ಎಂದರೆ ಸಾಕಿತ್ತು. ಹಜಿರಾ ಕಣ್ಣಿನ ತುದಿಯಿಂದ ನೋಡಿ, “ನಿಮಗ ಈಜು ಬರ್ತದೇನ್ರಿ ಮಾಸ್ತರ್?” ಎಂದಳು.

ನನಗೆ ಬಾವಿಯ ಮೆಟ್ಟಿಲೂ ಹೆದರಿಕೆ. “ಸಮುದ್ರದಾಗ ಈಜು ಯಾಕ ಬೇಕ್ರಿ? ಉಪ್ಪು ನೀರು ತಾನೇ ಎತ್ತಿ ಹಿಡೀತದ!” ಎಂದುಬಿಟ್ಟೆ. ಅಷ್ಟಕ್ಕೇ ಬಿಟ್ಟೆನೇ? ಗಾಜಿನ ಭರಣಿ ತರಿಸಿದೆ, ನೀರು ತುಂಬಿಸಿದೆ, ಒಂದು ಹಸಿ ಕೋಳಿತತ್ತಿ ಬಿಟ್ಟೆ. ಮುಳುಗಿತು. ಉಪ್ಪು ಹಾಕಿದೆ. ಏಳಲಿಲ್ಲ. ಹಜಿರಾ ನೋಡುತ್ತಿದ್ದಳು, ಇನ್ನೊಂದು ಹಿಡಿ ಹಾಕಿದೆ, ಮತ್ತೊಂದು ಹಾಕಿದೆ. ತತ್ತಿ ಮೆಲ್ಲಗೆ ಎದ್ದು ನೀರಿನ ಮೇಲೆ ನೆತ್ತಿ ತೋರಿಸಿತು.

ಹುಡುಗಿಯರು ಚಪ್ಪಾಳೆ ತಟ್ಟಿದರು. ಹಜಿರಾ ಮೊದಲ ಸಲ ಹಲ್ಲು ಕಾಣುವಂತೆ ನಕ್ಕಳು. ಆ ನಗುವಿನಲ್ಲಿ ಮುಳುಗಿದ್ದ ನನಗೆ ಸರ್ದಾರಬಿ ಎದ್ದುಬಂದದ್ದು ಕಾಣಲಿಲ್ಲ. ಅವರು ಭರಣಿಯಲ್ಲಿ ಬೆರಳಿಟ್ಟು ತತ್ತಿಯನ್ನು ಕೆಳಗೆ ಒತ್ತಿದರು. ಎದ್ದಿತು. ಮತ್ತೆ ಒತ್ತಿದರು. ಎದ್ದಿತು.

“ಸಮುದ್ರ ಹಿಂಗೇ ಇರ್ತದೇನು, ಬೇಟಾ?”

“ಇದಕ್ಕಿಂತ ಹೆಚ್ಚಿಗಿ, ಖಾಲಾ. ಮುಳುಗಬೇಕಂದ್ರೂ ಆಗೂದಿಲ್ಲ.”

ಎಂಟು ದಿನದಲ್ಲಿ ಹಡಗಿನ ತಿಕೀಟು ನಿಗದಿಯಾಯಿತು.

ಸುದ್ದಿ ಹುಮನಾಬಾದಿಗೆ ಬಂದ ದಿನ ಪುಸ್ತಕ ತೆರೆದೆ. ಸಮುದ್ರದಲ್ಲಿ ಸೇರು ನೀರಿಗೆ ಉಪ್ಪು ಮೂರು ತೊಲೆಯೂ ಇಲ್ಲ. ನಾನು ಸುರಿದದ್ದು ಹತ್ತಕ್ಕಿಂತ ಮೇಲೆ. ಪೂರಾ ಮೂರು ತೊಲೆ ತೂಗಿ ಹಾಕಿ ನೋಡಿದೆ. ತತ್ತಿ ಕಲ್ಲಿನ ಹಾಗೆ ತಳಕ್ಕೆ ಕೂತಿತು. ಬದುಕಿನಲ್ಲಿ ಮೊದಲ ಸಲ ನಿಜ ನನ್ನ ಪಕ್ಷದಲ್ಲಿತ್ತು. ಮರುದಿನವೇ ತಕ್ಕಡಿ, ಉಪ್ಪಿನ ಪೊಟ್ಟಣ ಹಿಡಿದು ಕಲ್ಯಾಣಿಗೆ ಓಡಿದೆ.

ಅವರ ಪಡಸಾಲೆಯಲ್ಲಿ ಪೆಟ್ಟಿಗೆ ತುಂಬುತ್ತಿದ್ದರು. ಹಜಿರಾ ಬಾಗಿಲಿಗೆ ಬಂದಳು.

“ನಾ ತಪ್ಪು ಹೇಳಿದೆ. ಸಮುದ್ರದಾಗ ತತ್ತಿ ಮುಳುಗ್ತದ.”

“ಗೊತ್ತದ. ಮರುದಿನಾನೇ ನಾನೂ ತೂಗಿ ನೋಡಿದೆ.”

“ಮತ್ತ ಅಮ್ಮಿಗ ಯಾಕ ಹೇಳಲಿಲ್ಲ?”

“ಒಂದು ವರ್ಷದ ಮ್ಯಾಲ ಆಕಿ ಅವತ್ತು ನಿದ್ದಿ ಮಾಡಿದ್ಳು. ಹ್ಯಾಂಗ ಹೇಳ್ಲಿ?”

ತಕ್ಕಡಿಯನ್ನು ಕೆಳಗಿಟ್ಟೆ. “ಹಜಿರಾ, ನಾ ಸಮುದ್ರ ನೋಡಿಲ್ಲ.”

“ಅದೂ ಗೊತ್ತದ. ಮುಂಬೈಯಾಗ ಸೂರ್ಯ ಸಮುದ್ರದಿಂದ ಮ್ಯಾಲ ಬರ್ತಾನಂತ ಹೇಳಿದ್ರಿ. ನಕಾಶಾದಾಗ ಮುಂಬೈಗೆ ಸಮುದ್ರ ಪಡುವಲಕ್ಕದ.” ಅವಳ ಕಣ್ಣು ನಗಲು ಹೋಗಿ ತುಂಬಿಕೊಂಡಿತು. “ಸುಳ್ಳಂತ ಗೊತ್ತಿದ್ದೂ ಪ್ರತಿ ಐತವಾರ ಯಾಕ ಕರಿಸಿದೆ, ಅದನ್ನ ಕೇಳ್ರಿ.”

ಕೇಳಲಿಲ್ಲ. ಕೇಳುವ ಅವಶ್ಯಕತೆಯೂ ಇರಲಿಲ್ಲ. “ಹೋಗಬ್ಯಾಡ್ರಿ,” ಎಂದೆ. ಅದಕ್ಕೆ ಬಣ್ಣ ಹಚ್ಚಲು ನನಗೆ ಒಂದು ಮಾತೂ ಸಿಗಲಿಲ್ಲ. “ನೀವಿಲ್ಲದ ನನಗ ಆಗೂದಿಲ್ಲ.”

ಅವಳು ಬಹಳ ಹೊತ್ತು ನೋಡಿದಳು. ಈ ಸಲ ಕಣ್ಣಿನ ತುದಿಯಿಂದಲ್ಲ. ಆಮೇಲೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. “ಅಮ್ಮಿ ಒಳಗ ಇದ್ದಾಳ. ಹೇಳ್ರಿ. ಆಕಿ ಒಲ್ಲೆ ಅಂದ್ರ ನಾನೂ ಹೋಗೂದಿಲ್ಲ. ನಾ ತಡಿಯೂದಿಲ್ಲ ನಿಮ್ಮನ್ನ.”

ಒಳಗೆ ಸರ್ದಾರಬಿ ಮಕ್ಕಳಿಗೆಂದು ಹೊಲಿದ ಎರಡು ಜುಬ್ಬಾಗಳನ್ನು ಮಡಚುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. “ಬಾ ಬೇಟಾ. ನೋಡು, ದೊಡ್ಡವನ ಭುಜ ಅಂದಾಜಿಲೇ ಹೊಲದೀನಿ, ಎರಡು ವರ್ಷ ಆತು ನೋಡಿ. ಹೌದಿಲ್ಲೋ, ಹಡಗ ಒಡದ್ರ ಏನಾಗ್ತದ?”

ಮಾತು ಬಾಯಿಗೆ ಬಂದಿತ್ತು. ಮೂರು ತೊಲೆ ಎಂದರೆ ಮುಗಿಯುತ್ತಿತ್ತು.

“ಹಡಗ ಒಡದ್ರ ಭಾಳ ಚಲೋ, ಖಾಲಾ,” ಎಂದೆ. “ಹಡಗಿಗಿಂತ ಮೊದಲ ನೀರೇ ನಿಮ್ಮನ್ನ ಎತ್ತಿಕೊಂಡು ಹೋಗಿ ಕರಾಚಿಯಾಗ ಮಕ್ಕಳ ಬಾಗಿಲಿಗೆ ಇಳಸ್ತದ. ಒಂದು ಅಲಿ ನಿಮಗ, ಒಂದು ಪೆಟ್ಟಿಗಿಗೆ.”

ಸರ್ದಾರಬಿ ನಕ್ಕರು. ಗಂಡ ಹೋದ ಮೇಲೆ ಅವರು ನಕ್ಕದ್ದನ್ನು ಆ ಮನೆ ಕೇಳಿರಲಿಲ್ಲವೇನೋ. ಅಡುಗೆಮನೆಯಿಂದ ಯಾರೋ ಇಣುಕಿ ನೋಡಿದರು. ಹಜಿರಾ ಬಾಗಿಲ ಚೌಕಟ್ಟಿಗೆ ಹಣೆಯಾನಿಸಿ ನಿಂತಿದ್ದಳು. ದುಪಟ್ಟಾ ಮುಖದ ಮೇಲೆ ಎಳೆದುಕೊಂಡಿದ್ದಳು, ನನಗೆ ಏನೂ ಕಾಣಲಿಲ್ಲ.

ಗುರುವಾರ ಬೆಳಿಗ್ಗೆ ಅವರು ಹೊರಟರು. ಆ ಬಸ್ಸಿನ ಹಿಂದೆ ರಾಜೇಶ್ವರದವರೆಗೆ ಓಡಿದೆ, ಚಪ್ಪಲಿ ಹರಿದವು, ಡ್ರೈವರನೇ ಅತ್ತ ಎಂದು ಹುಮನಾಬಾದಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ನಿಮಗೂ ಅದನ್ನೇ ಹೇಳುವವನಿದ್ದೆ.

ಓಡಲಿಲ್ಲ. ಕಿಟಕಿಯಿಂದ ಅವಳು ನೋಡಿದಳು. ನಾನು ನಿಂತಲ್ಲೇ ನಿಂತಿದ್ದೆ.