ಪುಕ್ಕಟೆ ಸಿಕ್ಕ ಕ್ಷಮೆ

ಮಗನನ್ನು ಕೊಂದವನು ಚರ್ಚಿನ ಅಂಗಳ ಗುಡಿಸುವುದನ್ನು ಕಂಡಾಗಲೆಲ್ಲ ಟೈಲರಮ್ಮನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಕುಡಿದು ಲಾರಿ ಓಡಿಸಿ, ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದ ಅವಳ ಒಬ್ಬನೇ ಮಗನ ಮೇಲೆ ಹತ್ತಿಸಿದ ಪಾಪಿ. ನಾಲ್ಕು ದಿನ ಜೈಲಿನಲ್ಲಿ ಕೂತು ಬಂದು, ಮೊಣಕಾಲೂರಿ ಅತ್ತನಂತೆ. ಪಾದ್ರಿಗಳು ಕರಗಿ ನೀರಾದರಂತೆ! ಇರಲು ಹಿಂದಿನ ಕೋಣೆ, ಮಾಡಲು ಕಾವಲಿನ ಕೆಲಸ, ಸೊಂಟಕ್ಕೆ ಬೀಗದ ಕೈಗಳ ಗೊಂಚಲು. ಮನೆ ಅಳಿಯನಿಗೂ ಇಂಥ ಉಪಚಾರ ಸಿಗುವುದಿಲ್ಲ.

“ಮಾಡಿದ್ದಕ್ಕೆ ಅವನು ಬೆಲೆ ಕೊಡೋದು ಬೇಡ್ವಾ, ಫಾದರ್?” ಎಂದು ಒಮ್ಮೆ ಕೇಳಿಯೇ ಬಿಟ್ಟಿದ್ದಳು.

“ಬೆಲೆ ಶಿಲುಬೆ ಮೇಲೆ ಆಗ್ಲೇ ಕೊಟ್ಟಾಗಿದೆ ಕಣಮ್ಮ. ಕೃಪೆ ಅಂದ್ರೆ ಅದೇ. ಅದನ್ನ ದುಡಿದು ಸಂಪಾದಿಸೋಕಾಗಲ್ಲ. ಕೈ ಚಾಚಿ ತಗೋಬೇಕು, ಅಷ್ಟೆ.”

“ತಪ್ಪು ಮಾಡೋನೊಬ್ಬ, ಅನುಭವಿಸೋನು ಇನ್ನೊಬ್ಬ. ಇದ್ಯಾವ ಸೀಮೆ ನ್ಯಾಯ ಫಾದರ್?”

ಪಾದ್ರಿಗಳು ಅವಳ ತಲೆ ನೇವರಿಸಿದ್ದರು. ಅದಕ್ಕೆ ಅವಳ ಮೈಯೆಲ್ಲ ಉರಿದುಹೋಗಿತ್ತು.

ಕೃಪೆಯಂತೆ, ಕೃಪೆ! ದೇವರು ಬೇಕಾದರೆ ಬಿಟ್ಟುಬಿಡಲಿ, ತಾನು ಬಿಡುವವಳಲ್ಲ. ಕೊಲ್ಲುವುದು ಬೇಡ; ಸತ್ತರೆ ಈ ಜನ ಅವನನ್ನು ನೇರ ಸ್ವರ್ಗಕ್ಕೇ ಕಳಿಸಿಬಿಡುತ್ತಾರೆ. ಅವನು ಕಳ್ಳನೆನಿಸಿಕೊಳ್ಳಬೇಕು, ಅದೂ ದೇವರ ಮನೆಯ ಕಳ್ಳ. ಮತ್ತೆ ಕಂಬಿ ಎಣಿಸಬೇಕು.

ಉಪಾಯ ಅವಳ ಹೊಲಿಗೆಯಷ್ಟೇ ಅಚ್ಚುಕಟ್ಟಾಗಿತ್ತು. ತಪಸ್ಸುಕಾಲಕ್ಕೆ ಪಾದ್ರಿಗಳು ತೊಡುವ ನೇರಳೆ ನಿಲುವಂಗಿಯ ಅಂಚು ಬಿಚ್ಚಿತ್ತು. ಅದನ್ನು ಅವಳು ಚರ್ಚಿನ ಒಳಕೋಣೆಯಲ್ಲೇ ಕೂತು ಹೊಲಿಯುತ್ತಿದ್ದಳು. ನಿಲುವಂಗಿಯೂ ಬೆಳ್ಳಿಯ ಪೂಜಾಪಾತ್ರೆಯೂ ಒಂದೇ ಕಪಾಟಿನಲ್ಲಿ. ಲಾರಿಯವನು ಕಪಾಟು ತೆಗೆದುಕೊಟ್ಟು ಗಿಡಗಳಿಗೆ ನೀರು ಹಾಕಲು ಹೋಗುತ್ತಾನೆ, ಬಂದು ಒಳಗೆ ನೋಡದೆ ಬೀಗ ಹಾಕುತ್ತಾನೆ. ಅವನ ಕೋಣೆಗಂತೂ ಬೀಗವೇ ಇಲ್ಲ. ಜೈಲು ಕಂಡವನೊಬ್ಬ ಕಣ್ಣೆದುರಿಗಿರುವಾಗ ಮಗನನ್ನು ಕಳಕೊಂಡ ತಾಯಿಯ ಮೇಲೆ ಯಾರಿಗೆ ಅನುಮಾನ ಬಂದೀತು?

ಅಂದು ಹೊರಗೆ ನೀರಿನ ಸದ್ದು ಕೇಳಿದ್ದೇ ತಡ, ಸೂಜಿಯನ್ನು ಪಕ್ಕದ ಬಟ್ಟೆಗೆ ಸಿಕ್ಕಿಸಿ ಎದ್ದಳು. ಎಲ್ಲೆಂದರಲ್ಲಿ ಸೂಜಿ ಸಿಕ್ಕಿಸುವುದು ಅವಳ ಹಳೇ ಚಾಳಿ. “ನಿನ್ನ ಮಡಿಲಲ್ಲಿ ಮಲಗೋಕೂ ಹೆದರಿಕೆ ಕಣಮ್ಮ” ಎಂದು ಮಗ ಛೇಡಿಸುತ್ತಿದ್ದ. ನೆನೆದು ಹಲ್ಲು ಕಚ್ಚಿದಳು. ಪಾತ್ರೆಯನ್ನು ಬಿಳಿ ಬಟ್ಟೆಯ ತುಂಡಿನಲ್ಲಿ ಸುತ್ತಿದಳು. ಯಾವ ಅಂಗಡಿಯಲ್ಲಾದರೂ ಸಿಗುವ ಬಟ್ಟೆ. ಗಂಟನ್ನು ಅವನ ಮಂಚದಡಿ ತುರುಕಿ, ವಾಪಸು ಬಂದು, “ಇವತ್ತಿಗೆ ಸಾಕು, ಬೀಗ ಹಾಕ್ಕೋ” ಎಂದಳು. ಅವನು ಎಂದಿನಂತೆ ತಲೆ ತಗ್ಗಿಸಿಯೇ ಬೀಗ ಹಾಕಿದ.

ಮರುದಿನ ಪೂಜೆಗೆ ಪಾತ್ರೆ ಇಲ್ಲ. ಗಲಾಟೆಯೋ ಗಲಾಟೆ. ಪೊಲೀಸರು ಬಂದರು, ಮಂಚದಡಿಯಿಂದ ಗಂಟು ಎಳೆದರು. “ನಾನೇ ಬಿಚ್ತೀನಿ ಸಾರ್” ಎಂದು ಲಾರಿಯವನು ಅದನ್ನು ಕೈಗೆ ತೆಗೆದುಕೊಂಡ. ಒಂದು ಗಳಿಗೆ ಬಟ್ಟೆಯನ್ನೇ ನೋಡಿದ.

ಇನ್ನು ಗೋಳಾಡುತ್ತಾನೆ, ಆಣೆ ಇಡುತ್ತಾನೆ, ಯಾರೂ ನಂಬುವುದಿಲ್ಲ! ಟೈಲರಮ್ಮ ಕಾದಳು.

“ನಾನೇ ಕದ್ದಿದ್ದು ಸಾರ್. ಬೇರೆ ಯಾರನ್ನೂ ಕೇಳಬೇಡಿ.”

ಪಾದ್ರಿಗಳ ಮುಖ ಬಿಳಚಿಕೊಂಡಿತು. ಟೈಲರಮ್ಮನಿಗೆ ರೇಗಿಹೋಯಿತು. ಮಾಡದ್ದನ್ನು ಯಾಕೆ ಒಪ್ಪಿಕೊಳ್ಳುತ್ತಾನೆ ಈ ದರಿದ್ರದವನು? ಇಷ್ಟು ದಿನ ಕಾದದ್ದು ಇದನ್ನು ನೋಡಲಿಕ್ಕಾ?

ಪೊಲೀಸರು ಕರೆದೊಯ್ಯುವಾಗ ಅವನು ಅವಳ ಮುಂದೆ ನಿಂತ. “ಕೈ ಚಾಚಿ ಅಮ್ಮ” ಎಂದ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಏನು ಎತ್ತ ಎಂದು ಯೋಚಿಸುವ ಮೊದಲೇ ಅವಳ ಕೈ ಮುಂದೆ ಬಂದಿತ್ತು. ಅಂಗೈ ಮೇಲೆ ಅವನು ಇಟ್ಟದ್ದು ಅವಳದೇ ಸೂಜಿ: ಆ ಬಿಳಿ ಬಟ್ಟೆಗೆ ಅವಳು ಸಿಕ್ಕಿಸಿ ಮರೆತದ್ದು, ನಿಲುವಂಗಿಯ ನೇರಳೆ ದಾರ ಇನ್ನೂ ಅದರಲ್ಲೇ ಇತ್ತು. “ಜೋಪಾನ, ಚುಚ್ಚುತ್ತೆ” ಎಂದು ಹೇಳಿ ಅವನು ಜೀಪು ಹತ್ತಿದ.